‘ಸ್ಟಾರ್ಟ್ ಓವರ್’ನಲ್ಲಿ ಮುಗಿದದ್ದು ಏನು?

ಪ್ರಶ್ನೆ: ನನ್ನ ಮಗ ಹನ್ನೆರಡು ವರ್ಷದಿಂದ ಅಮೆರಿಕದಲ್ಲಿದ್ದಾನೆ. ಇತ್ತೀಚೆಗೆ ಅವನ ಕೆಲಸ ಹೋಯಿತು. ಮನೆ ಖಾಲಿ ಮಾಡಿ, ಸಂಸಾರ ಸಮೇತ ಬೇರೆ ಊರಿಗೆ ಹೋಗಿ, ‘ವಿ ಆರ್ ಸ್ಟಾರ್ಟಿಂಗ್ ಓವರ್’ ಎಂದು ಮೆಸೇಜ್ ಹಾಕಿದ. ‘ಸ್ಟಾರ್ಟ್’ ಎಂದರೆ ಶುರು, ‘ಓವರ್’ ಎಂದರೆ ಮುಗಿಯಿತು ಎಂದಷ್ಟೇ ನನಗೆ ಗೊತ್ತು. ಏನೋ ಮುಗಿದೇಹೋಯಿತು ಎಂದುಕೊಂಡು ಆ ರಾತ್ರಿ ನಾವಿಬ್ಬರೂ ನಿದ್ದೆ ಮಾಡಲಿಲ್ಲ. ಬೆಳಿಗ್ಗೆ ಫೋನಿನಲ್ಲಿ ಮಾತಾಡಿದ ಮೇಲೆ ಸಮಾಧಾನವಾಯಿತು. ಆದರೂ ಪ್ರಶ್ನೆ ಉಳಿದಿದೆ. ಶುರುವಿಗೆ ಮುಕ್ತಾಯ ಸೇರಿದರೆ ‘ಮತ್ತೆ ಶುರು’ ಹೇಗಾಗುತ್ತದೆ? ‘ಸ್ಟಾರ್ಟ್ ಅಗೇನ್’ ಎಂದರೆ ಸಾಲದೇ? ಕನ್ನಡದಲ್ಲಿ ಇದಕ್ಕೆ ಏನು ಹೇಳಬೇಕು?
– ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮ ಪತ್ರ ಓದಿದಾಗಿನಿಂದ ಆ ರಾತ್ರಿಯ ಮಾತೇ ನನ್ನ ಮನಸ್ಸಿನಲ್ಲಿ ನಿಂತಿದೆ. ಎರಡು ಪದಗಳ ಮಾತೊಂದು ಇಬ್ಬರು ಹಿರಿಯರ ನಿದ್ದೆ ಕೆಡಿಸಿತಲ್ಲ! ಆದರೆ ನೀವು ಓದಿದ್ದು ತಪ್ಪಲ್ಲ. ನಿಮಗೆ ಗೊತ್ತಿದ್ದ ‘ಓವರ್’ ನಿಜವಾದ ‘ಓವರ್’ ಪದವೇ. ನಿಮ್ಮ ಮಗ ಬಳಸಿದ್ದು ಅದರ ಇನ್ನೊಂದು ಅರ್ಥ. ಆ ಅರ್ಥ ಕನ್ನಡದೊಳಕ್ಕೆ ಬಂದಿಲ್ಲ. ಹಾಗಾಗಿ ನಮ್ಮಲ್ಲಿ ಎಷ್ಟೋ ಜನ ಇದೇ ಜಾಗದಲ್ಲಿ ಎಡವುತ್ತಾರೆ.

ಕನ್ನಡದಲ್ಲಿ ನಾವು ದಿನವೂ ಆಡುವ ‘ಓವರ್’ಗಳನ್ನು ಸ್ವಲ್ಪ ನೆನಪಿಸಿಕೊಳ್ಳಿ. ‘ಮ್ಯಾಚ್ ಓವರ್’ ಎಂದರೆ ಮುಗಿಯಿತು. ‘ಅವನದು ಸ್ವಲ್ಪ ಓವರ್ ಆಯ್ತು’ ಎಂದರೆ ಅತಿಯಾಯಿತು. ‘ಓವರ್ ಆಕ್ಟಿಂಗ್’ ಕೂಡ ಅದೇ ಸಾಲಿನದು. ಕ್ರಿಕೆಟ್ಟಿನಲ್ಲಿ ಆರು ಎಸೆತಕ್ಕೆ ಒಂದು ಓವರ್. ಪೊಲೀಸರ ವೈರ್‌ಲೆಸ್ಸಿನಲ್ಲಿ ‘ಓವರ್’ ಎಂದರೆ ನನ್ನ ಮಾತು ಮುಗಿಯಿತು, ಇನ್ನು ನೀನು ಹೇಳು. ಇಷ್ಟೂ ಕಡೆ ‘ಮತ್ತೆ’ ಎನ್ನುವ ಅರ್ಥದ ಸುಳಿವೇ ಇಲ್ಲ. ಇವುಗಳ ನಡುವೆ ಬೆಳೆದ ಕಿವಿಗೆ ‘ಸ್ಟಾರ್ಟಿಂಗ್ ಓವರ್’ ಎಂದು ಕೇಳಿದರೆ ಎದೆ ಝಲ್ಲೆನ್ನದೆ ಇದ್ದೀತೇ?

ಹಾಗಾದರೆ ಆ ಇನ್ನೊಂದು ‘ಓವರ್’ ಎಲ್ಲಿಂದ ಬಂತು? ಅದರ ಮೂಲದಲ್ಲಿರುವುದು ಜಾಗದ ಕಲ್ಪನೆ. ಒಂದು ವಸ್ತುವಿನ ಮೇಲೆ, ಈ ತುದಿಯಿಂದ ಆ ತುದಿಯವರೆಗೆ ಹಾದುಹೋಗುವುದು. ಹೊಲವನ್ನು ಈ ಬದುವಿನಿಂದ ಆ ಬದುವಿನವರೆಗೆ ಉತ್ತುಕೊಂಡು ಹೋದಂತೆ. ಒಂದು ಸಲ ಪೂರ್ತಿ ಹಾದರೆ ಒಂದು ಸುತ್ತು ಮುಗಿಯಿತು. ‘ಮುಗಿಯಿತು’ ಎಂಬ ಅರ್ಥ ಹುಟ್ಟಿದ್ದು ಆ ತುದಿ ಮುಟ್ಟಿದಾಗ. ಅದೇ ಹೊಲದ ಮೇಲೆ ನೇಗಿಲು ಇನ್ನೊಂದು ಸಲ ಹಾದರೆ? ಆಗ ಅದೇ ಪದ ‘ಮತ್ತೊಂದು ಸಲ, ಪೂರ್ತಿಯಾಗಿ’ ಎಂಬ ಅರ್ಥ ಕೊಡುತ್ತದೆ. ‘ಓವರ್ ಅಂಡ್ ಓವರ್’ ಎಂದರೆ ಮತ್ತೆ ಮತ್ತೆ. ‘ಟ್ವೈಸ್ ಓವರ್’ ಎಂದರೆ ಎರಡೆರಡು ಸಲ. ‘ರೀಡ್ ಇಟ್ ಓವರ್’ ಎಂದು ಮೇಷ್ಟ್ರು ಹೇಳಿದರೆ ಬರೆದದ್ದನ್ನು ಮೊದಲಿಂದ ಕೊನೆಯವರೆಗೆ ಕಣ್ಣಾಡಿಸು ಎಂದರ್ಥ. ನಿಮ್ಮ ಮಗ ಬರೆದದ್ದು ಈ ಮನೆತನದ ‘ಓವರ್’. ಮುಗಿಯಿತು ಎನ್ನುವುದೂ ಮತ್ತೊಮ್ಮೆ ಎನ್ನುವುದೂ ಒಂದೇ ಹೊಲದಲ್ಲಿ ಹುಟ್ಟಿದ ಅಣ್ಣತಮ್ಮಂದಿರು, ಅಷ್ಟೇ.

‘ಸ್ಟಾರ್ಟ್’ ಪದದ ಕಥೆಯೂ ಚೆನ್ನಾಗಿದೆ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಶುರು ಎಂಬ ಅರ್ಥವೇ ಇರಲಿಲ್ಲ. ನೆಗೆ, ಹಾರು, ದಡಕ್ಕನೆ ಏಳು ಎಂದಿತ್ತು. ಬೆಚ್ಚಿಬೀಳಿಸುವುದಕ್ಕೆ ‘ಸ್ಟಾರ್ಟಲ್’ ಎನ್ನುತ್ತಾರಲ್ಲ, ಅದು ಇದರ ಒಡಹುಟ್ಟು. ನಿದ್ದೆಯಿಂದ ಬೆಚ್ಚಿ ಎದ್ದರೆ ಈಗಲೂ ‘ವಿತ್ ಎ ಸ್ಟಾರ್ಟ್’ ಎದ್ದ ಎನ್ನುತ್ತಾರೆ. ಕುಳಿತವನು ನೆಗೆದೆದ್ದು ಹೊರಡುತ್ತಾನೆ. ಹೊರಡುವುದೇ ಮುಂದೆ ಶುರುಮಾಡುವುದಾಯಿತು. ಆ ಅರ್ಥ ಗಟ್ಟಿಯಾಗಿ ನೆಲೆಯೂರಿ ಇನ್ನೂರು ಮುನ್ನೂರು ವರ್ಷಗಳಾಗಿರಬಹುದು, ಅದಕ್ಕಿಂತ ಹೆಚ್ಚಲ್ಲ. ನಿಮ್ಮ ಮಗನ ಎರಡು ಪದಗಳನ್ನು ಬೇರಿನವರೆಗೂ ಬಿಡಿಸಿ ನೋಡಿದರೆ, ಎದ್ದು ನಿಂತು ಆ ದಾರಿಯನ್ನು ಮತ್ತೊಮ್ಮೆ ಪೂರ್ತಿ ನಡೆಯುವುದು ಎಂದಾಗುತ್ತದೆ.

ಈ ವಿಷಯದಲ್ಲಿ ಕನ್ನಡವೂ ಇಂಗ್ಲಿಷಿನಷ್ಟೇ ಜಾಣತನ ಮಾಡಿದೆ. ನಾವು ‘ಮರಳಿ’ ಎನ್ನುತ್ತೇವೆ. ಅದು ಮರಳು, ಹಿಂದಿರುಗು ಎಂಬ ಕ್ರಿಯಾಪದದಿಂದ ಬಂದದ್ದು. ‘ತಿರುಗಿ ಹೇಳು’ ಎನ್ನುತ್ತೇವೆ. ಹೇಳುವವನು ಗಿರಗಿರನೆ ತಿರುಗಬೇಕಾಗಿಲ್ಲ, ಇನ್ನೊಂದು ಸಲ ಹೇಳಿದರಾಯಿತು. ಹಳೇ ಮೈಸೂರಿನ ಕಡೆ ಇದು ‘ತಿರ್ಗಾ’ ಆಗಿದೆ. ಧಾರವಾಡದ ಕಡೆ ‘ಹೊಳ್ಳಿ’ ಎನ್ನುತ್ತಾರೆ. ಅದರೊಳಗೂ ಹೊರಳುವ ಚಲನೆಯೇ ಇದೆ. ಮಂಗಳೂರಿನವರ ಬಾಯಲ್ಲಿ ಸಂಸ್ಕೃತದ ‘ಪುನಃ’ ಮನೆಮಾತಾಗಿ ಕೂತಿದೆ. ‘ಮತ್ತೆ’ಯಂತೂ ‘ಮತ್ತೊಂದು’, ‘ಮತ್ತೊಬ್ಬ’ ಇವುಗಳ ನಂಟು. ನಮ್ಮ ಜನ ದಾರಿಯಲ್ಲಿ ಹಿಂದಕ್ಕೆ ತಿರುಗಿ ‘ಮತ್ತೆ’ಯನ್ನು ಕಂಡುಕೊಂಡರು, ಇಂಗ್ಲಿಷಿನವರು ಅದೇ ನೆಲದ ಮೇಲೆ ಇನ್ನೊಮ್ಮೆ ಹಾದು ಕಂಡುಕೊಂಡರು.

ಈಗ ನಿಮ್ಮ ಎರಡನೆಯ ಪ್ರಶ್ನೆ. ‘ಸ್ಟಾರ್ಟ್ ಅಗೇನ್’ ಸಾಲದೇ ಎಂದು ಕೇಳಿದ್ದೀರಿ. ಎಷ್ಟೋ ಕಡೆ ಸಾಲುತ್ತದೆ, ಕೆಲವು ಕಡೆ ಸಾಲುವುದಿಲ್ಲ. ಈ ವ್ಯತ್ಯಾಸವನ್ನು ಯಾವ ನಿಘಂಟಿಗಿಂತಲೂ ಚೆನ್ನಾಗಿ ನನಗೆ ತಿಳಿಸಿದ್ದು ನಮ್ಮ ಅಮ್ಮನ ರಂಗೋಲಿ.

ಸಂಕ್ರಾಂತಿಯ ಹಿಂದಿನ ರಾತ್ರಿ ಅಮ್ಮ ಅಂಗಳ ಸಾರಿಸಿ, 15 ಚುಕ್ಕಿಯಿಂದ ಶುರುವಾಗಿ 8ಕ್ಕೆ ಇಳಿಯುವ ಸಂದು ಚುಕ್ಕಿಯ ರಂಗೋಲಿ ಹಾಕುತ್ತಿದ್ದರು. ಒಳಗೆ ಹಾಲು ಉಕ್ಕುವ ಸದ್ದಾದರೆ ಬಟ್ಟಲು ಅಲ್ಲೇ ಇಟ್ಟು ಓಡಿಹೋಗಿ, ಒಲೆ ಆರಿಸಿ, ಬಂದು ಬಿಟ್ಟಲ್ಲಿಂದ ಎಳೆ ಮುಂದುವರಿಸುತ್ತಿದ್ದರು. ಎಲ್ಲೋ ಒಂದು ಎಳೆ ಬೇರೆ ಚುಕ್ಕಿಗೆ ಹೋಗಿ ಸೇರಿದರೆ, ಅಷ್ಟನ್ನು ಮಾತ್ರ ಬೆರಳ ತುದಿಯಿಂದ ಒರೆಸಿ ತಿದ್ದುತ್ತಿದ್ದರು. ಆದರೆ ಚುಕ್ಕಿಯ ಎಣಿಕೆಯೇ ತಪ್ಪಿದೆ ಎಂದು ಅರ್ಧಕ್ಕೆ ಬಂದಾಗ ಗೊತ್ತಾದರೆ ಬೇರೆ ದಾರಿಯಿರಲಿಲ್ಲ. ಒಂದು ಚುಕ್ಕಿ ಹೆಚ್ಚಾದರೂ ಎಳೆಗಳು ಕೂಡುವುದಿಲ್ಲ. ಒಂದು ಕ್ಷಣ ಸುಮ್ಮನೆ ನೋಡಿ, ಒದ್ದೆ ಬಟ್ಟೆಯಿಂದ ಇಡೀ ಅಂಗಳ ಒರೆಸಿ, ನೆಲ ಆರುವವರೆಗೆ ಕಾದು, ಮೊದಲ ಚುಕ್ಕಿ ಇಡುತ್ತಿದ್ದರು.

ಹಾಲಿಗೆ ಎದ್ದುಹೋಗಿ ಬಂದು ಮುಂದುವರಿಸಿದ್ದು ‘ರೆಸ್ಯೂಮ್’. ಎಳೆ ತಿದ್ದಿದ್ದು ‘ಕರೆಕ್ಟ್’. ಒರೆಸಿ ಮೊದಲ ಚುಕ್ಕಿ ಇಟ್ಟದ್ದು ‘ಸ್ಟಾರ್ಟ್ ಓವರ್’. ‘ಸ್ಟಾರ್ಟ್ ಅಗೇನ್’ ಸಡಿಲವಾದ ಮಾತು; ಹಾಲಿಗೆ ಎದ್ದುಹೋದ ಪ್ರಸಂಗಕ್ಕೂ ಸಲ್ಲುತ್ತದೆ, ಒರೆಸಿದ ಪ್ರಸಂಗಕ್ಕೂ ಸಲ್ಲುತ್ತದೆ. ‘ಸ್ಟಾರ್ಟ್ ಓವರ್’ ಕೊನೆಯದಕ್ಕೆ ಮಾತ್ರ. ಕನ್ನಡದ ‘ಮತ್ತೆ ಶುರು’ವಿನಲ್ಲೂ ಇದೇ ಸಡಿಲತೆ ಇದೆ. ‘ಮಳೆ ಮತ್ತೆ ಶುರುವಾಯಿತು’ ಎನ್ನುತ್ತೇವೆ. ಅದನ್ನು ಇಂಗ್ಲಿಷಿನಲ್ಲಿ ‘ದಿ ರೇನ್ ಸ್ಟಾರ್ಟೆಡ್ ಅಗೇನ್’ ಎನ್ನಬಹುದು. ‘ದಿ ರೇನ್ ಸ್ಟಾರ್ಟೆಡ್ ಓವರ್’ ಎಂದರೆ ಕೇಳಿದವರು ಹುಬ್ಬೇರಿಸುತ್ತಾರೆ. ಬಿದ್ದ ಮಳೆಯನ್ನು ಒರೆಸಿಹಾಕಿ ಮೊದಲ ಹನಿಯಿಂದ ಲೆಕ್ಕ ಹಿಡಿಯುವವರು ಯಾರೂ ಇಲ್ಲವಲ್ಲ. ತಲೆನೋವು, ಜ್ವರ, ಜಗಳ ಇವೂ ಹಾಗೆಯೇ. ತಾವಾಗಿಯೇ ನಿಂತು ತಾವಾಗಿಯೇ ಶುರುವಾಗುವಂಥವು. ‘ಸ್ಟಾರ್ಟ್ ಓವರ್’ ಮಾಡಲು ಹಿಂದಿನದನ್ನು ಬದಿಗಿಡುವ ಒಬ್ಬ ಮನುಷ್ಯ ಬೇಕು, ಇಲ್ಲವೇ ಅವನ ಬದಲು ಆ ಕೆಲಸ ಮಾಡುವ ಯಂತ್ರವಾದರೂ ಬೇಕು. ಮೊಬೈಲಿನಲ್ಲಿ ಅರ್ಧ ನೋಡಿ ಬಿಟ್ಟ ಸಿನಿಮಾ ತೆರೆದಾಗ, ನಿಲ್ಲಿಸಿದ ಕಡೆಯಿಂದಲೋ ಮೊದಲಿಂದಲೋ ಎಂದು ಅದು ಕೇಳುವುದನ್ನು ನೀವು ನೋಡಿರುತ್ತೀರಿ. ಅಲ್ಲಿನ ‘ರೆಸ್ಯೂಮ್’ ಮತ್ತು ‘ಸ್ಟಾರ್ಟ್ ಓವರ್’ ಇದೇ ಜೋಡಿ.

ಈ ಜೋಡಿಯ ವ್ಯತ್ಯಾಸಕ್ಕೆ ಒಂದು ಇಡೀ ಜಗತ್ತೇ ಕಾದು ಕೂತ ಪ್ರಸಂಗವೊಂದಿದೆ. 1984ರ ಸೆಪ್ಟೆಂಬರಿನಲ್ಲಿ ಮಾಸ್ಕೋದಲ್ಲಿ ವಿಶ್ವ ಚೆಸ್ ಚಾಂಪಿಯನ್ ಅನಾತೊಲಿ ಕಾರ್ಪೋವ್ ಮತ್ತು ಸವಾಲು ಹಾಕಿದ ಗ್ಯಾರಿ ಕಾಸ್ಪರೋವ್ ಆಡಲು ಕೂತರು. ಮೊದಲು ಆರು ಆಟ ಗೆದ್ದವರು ಚಾಂಪಿಯನ್, ಡ್ರಾ ಲೆಕ್ಕಕ್ಕಿಲ್ಲ. ಕಾರ್ಪೋವ್ ಐದು ಆಟ ಗೆದ್ದರು, ಕಾಸ್ಪರೋವ್ ಒಂದೂ ಇಲ್ಲ. ಇನ್ನೊಂದೇ ಗೆಲುವು ಬೇಕಿತ್ತು. ಅದು ಬರಲೇ ಇಲ್ಲ. ಡ್ರಾ ಮೇಲೆ ಡ್ರಾ. ತಿಂಗಳುಗಳು ಉರುಳಿದವು. ಕೊನೆಗೆ ಕಾಸ್ಪರೋವ್ ಮೂರು ಆಟ ಗೆದ್ದರು. 48 ಆಟಗಳಾದಾಗ 40 ಡ್ರಾ, ಅಂಕ 5–3. 1985ರ ಫೆಬ್ರವರಿ 15ರಂದು ವಿಶ್ವ ಚೆಸ್ ಸಂಸ್ಥೆಯ ಅಧ್ಯಕ್ಷ ಫ್ಲೊರೆನ್ಸಿಯೊ ಕಾಂಪೊಮಾನೆಸ್ ಪಂದ್ಯವನ್ನೇ ನಿಲ್ಲಿಸಿಬಿಟ್ಟರು.

ಆ ಕಾಲದ ಚೆಸ್ಸಿನಲ್ಲಿ ಒಂದೇ ದಿನ ಮುಗಿಯದ ಆಟವನ್ನು ನಿಲ್ಲಿಸಿ, ಮುಂದಿನ ನಡೆಯನ್ನು ಲಕೋಟೆಯಲ್ಲಿ ಮುಚ್ಚಿಟ್ಟು, ಇನ್ನೊಂದು ದಿನ ಅದೇ ಸ್ಥಿತಿಯಿಂದ ಆಡುವುದು ರೂಢಿಯಾಗಿತ್ತು. ಅದು ‘ರೆಸ್ಯೂಮ್’. ಇಡೀ ಪಂದ್ಯಕ್ಕೆ ಆದದ್ದು ಬೇರೆ. ಸೆಪ್ಟೆಂಬರಿನಲ್ಲಿ ಇಬ್ಬರೂ ಮತ್ತೆ ಎದುರುಬದುರು ಕೂತಾಗ 5–3 ಇರಲಿಲ್ಲ, 0–0 ಇತ್ತು. ಈ ಸಲ 24 ಆಟಗಳ ಮಿತಿ. ಬರೀ ‘ದೇ ಸ್ಟಾರ್ಟೆಡ್ ಅಗೇನ್’ ಎಂದು ಬರೆದರೆ, ಅವರು 49ನೆಯ ಆಟ ಆಡಿದರೋ ಮೊದಲನೆಯದನ್ನೋ ಎಂದು ಓದುವವನಿಗೆ ತಿಳಿಯುವುದಿಲ್ಲ. ‘ದೇ ಸ್ಟಾರ್ಟೆಡ್ ಓವರ್’ ಎಂದರೆ ಆ ಅನುಮಾನ ಉಳಿಯುವುದಿಲ್ಲ. ನವೆಂಬರಿನಲ್ಲಿ ಕಾಸ್ಪರೋವ್ 13–11ರಿಂದ ಗೆದ್ದು, 22ನೆಯ ವಯಸ್ಸಿಗೆ ವಿಶ್ವ ಚಾಂಪಿಯನ್ ಆದರು.

ಅಳಿಸಿದ್ದು ಅಂಕಪಟ್ಟಿಯನ್ನು. ಆ 48 ಆಟಗಳಲ್ಲಿ ಕಾಸ್ಪರೋವ್ ಕಲಿತದ್ದನ್ನು ಯಾರೂ ಅಳಿಸಲಿಲ್ಲ. ಎರಡನೆಯ ಪಂದ್ಯಕ್ಕೆ ಬಂದ ಹುಡುಗ ಮೊದಲನೆಯದರಲ್ಲಿ ಐದು ಆಟ ಸೋತ ಹುಡುಗನಾಗಿರಲಿಲ್ಲ. ನಮ್ಮ ಅಮ್ಮನೂ ಅಷ್ಟೇ. ಎರಡನೆಯ ಸಲ ಚುಕ್ಕಿ ಇಡುವಾಗ ಅವರ ಬೆರಳಿಗೆ ಎಣಿಕೆ ಗೊತ್ತಿರುತ್ತಿತ್ತು, ಮೊದಲ ಸಲದ ಅರ್ಧ ಹೊತ್ತಿನಲ್ಲಿ ರಂಗೋಲಿ ಎದ್ದುಬರುತ್ತಿತ್ತು. ‘ಸ್ಟಾರ್ಟ್ ಓವರ್’ ಎನ್ನುವಾಗ ಕೆಲಸ ಸೊನ್ನೆಗೆ ಬರುತ್ತದೆ, ಕೆಲಸಗಾರ ಸೊನ್ನೆಗೆ ಬರುವುದಿಲ್ಲ. ನಿಮ್ಮ ಮಗನ ಸಂದೇಶದ ವಿಷಯದಲ್ಲಿ ನಾನು ನಿಮಗೆ ಹೇಳಬೇಕೆಂದುಕೊಂಡ ಮುಖ್ಯ ಮಾತು ಇದು.

ಇದನ್ನೇ ಇನ್ನೂ ಕಠಿಣವಾದ ರೀತಿಯಲ್ಲಿ ಅನುಭವಿಸಿದವರು ಬ್ರಿಟನ್ನಿನ ಲೇಖಕ ಥಾಮಸ್ ಕಾರ್ಲೈಲ್. ಫ್ರಾನ್ಸಿನ ಮಹಾಕ್ರಾಂತಿಯ ಇತಿಹಾಸ ಬರೆಯುತ್ತಿದ್ದ ಅವರು ಮೊದಲ ಸಂಪುಟದ ಹಸ್ತಪ್ರತಿಯನ್ನು ಓದಲೆಂದು ಗೆಳೆಯ ಜಾನ್ ಸ್ಟುವರ್ಟ್ ಮಿಲ್‌ಗೆ ಕೊಟ್ಟಿದ್ದರು. ಮನೆಗೆಲಸದಾಕೆ ಅದನ್ನು ರದ್ದಿ ಕಾಗದವೆಂದು ತಿಳಿದು ಬೆಂಕಿಗೆ ಹಾಕಿದಳು ಎಂದು ಹೇಳುತ್ತಾರೆ. 1835ರ ಮಾರ್ಚಿನ ಒಂದು ಸಂಜೆ ಮಿಲ್ ಬಿಳಿಚಿಕೊಂಡು ಲಂಡನ್ನಿನ ಚೆಲ್ಸಿಯಲ್ಲಿದ್ದ ಕಾರ್ಲೈಲರ ಮನೆಗೆ ಬಂದು ಸುದ್ದಿ ಹೇಳಿದರು. ಎಲ್ಲ ಕಳೆದುಕೊಂಡ ಕಾರ್ಲೈಲರೇ ಮಿಲ್‌ರನ್ನು ಸಮಾಧಾನಪಡಿಸುತ್ತಾ ಗಂಟೆಗಟ್ಟಲೆ ಕೂರಬೇಕಾಯಿತು. ಇನ್ನೊಂದು ಪ್ರತಿ ಇರಲಿಲ್ಲ. ಬರೆಯುವಾಗ ಮಾಡಿಕೊಂಡ ಟಿಪ್ಪಣಿಗಳೂ ಇರಲಿಲ್ಲ. ಮಿಲ್ 200 ಪೌಂಡ್ ಕೊಡಲು ಬಂದರು. ಕಾರ್ಲೈಲ್ ತೆಗೆದುಕೊಂಡದ್ದು 100. ಆಮೇಲೆ ಮೊದಲ ಪುಟದಿಂದ ಬರೆಯಲು ಕೂತರು. 1837ರಲ್ಲಿ ಪುಸ್ತಕ ಮೂರು ಸಂಪುಟಗಳಾಗಿ ಹೊರಬಂತು. ಕಾರ್ಲೈಲರ ಹೆಸರು ನೆಲೆಯಾದದ್ದು ಅದರಿಂದಲೇ. ಆ ಪ್ರಸಂಗವನ್ನು ನಾನು ಪಾಠದಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಪ್ರತಿಸಲವೂ ಮಿಲ್ ಬಾಗಿಲು ತಟ್ಟುವ ಹೊತ್ತಿಗೆ ನನ್ನ ಗಂಟಲು ಕಟ್ಟುತ್ತದೆ.

ಕಾರ್ಲೈಲ್ ಮಾಡಿದ್ದು ನೂರಕ್ಕೆ ನೂರು ‘ಸ್ಟಾರ್ಟ್ ಓವರ್’. ಆದರೆ ಬ್ರಿಟನ್ನಿನವರು ಅವರ ಬಗ್ಗೆ ಬರೆಯುವಾಗ ಸಾಮಾನ್ಯವಾಗಿ ಆ ಮಾತು ಬಳಸುವುದಿಲ್ಲ. ‘ಸ್ಟಾರ್ಟ್ ಅಗೇನ್’, ‘ಸ್ಟಾರ್ಟ್ ಅಫ್ರೆಶ್’ ಎನ್ನುತ್ತಾರೆ. ಒತ್ತಿ ಹೇಳಬೇಕಾದರೆ ‘ಸ್ಟಾರ್ಟ್ ಆಲ್ ಓವರ್ ಅಗೇನ್’. ಬರಿಯ ‘ಸ್ಟಾರ್ಟ್ ಓವರ್’ ಅಮೆರಿಕದ ಮಾತು. ನಿಮ್ಮ ಮಗನ ಬಾಯಿಗೆ ಅದು ಹನ್ನೆರಡು ವರ್ಷದ ವಾಸದಿಂದ ಬಂದಿದೆ. ಶಾಲೆಯಲ್ಲಿ ನಾವು ಕಲಿತ ಇಂಗ್ಲಿಷ್ ಬ್ರಿಟಿಷರ ಅಚ್ಚಿನದು. ಅಲ್ಲಿ ಇದನ್ನು ಕೇಳಿದ ನೆನಪು ನಿಮಗಿಲ್ಲದಿದ್ದರೆ ಆಶ್ಚರ್ಯವಿಲ್ಲ.

ಹಾಗೆಂದು ಇಂಗ್ಲೆಂಡಿನವರ ಬಾಯಲ್ಲಿ ಈ ಮಾತು ಬರುವುದೇ ಇಲ್ಲವೆಂದಲ್ಲ. ಗಾಯಕ ಜಾನ್ ಲೆನನ್ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಹುಟ್ಟಿ, 1971ರಿಂದ ನ್ಯೂಯಾರ್ಕಿನಲ್ಲಿ ನೆಲೆಸಿದವರು. ಮಗ ಹುಟ್ಟಿದ ಮೇಲೆ ಐದು ವರ್ಷ ಹಾಡಿನ ಲೋಕದಿಂದ ದೂರವಿದ್ದು, 1980ರ ಅಕ್ಟೋಬರಿನಲ್ಲಿ ಹೊಸ ಹಾಡಿನೊಂದಿಗೆ ಬಂದರು. ಅದರ ಹೆಸರು ‘ಜಸ್ಟ್ ಲೈಕ್ ಸ್ಟಾರ್ಟಿಂಗ್ ಓವರ್’. ಇಂಗ್ಲೆಂಡಿನವರೊಬ್ಬರು ತಮ್ಮ ಹೊಸ ಆರಂಭಕ್ಕೆ ಅಮೆರಿಕದ ಮಾತನ್ನೇ ಆರಿಸಿಕೊಂಡಿದ್ದರು. ಡಿಸೆಂಬರ್ 8ರಂದು ನ್ಯೂಯಾರ್ಕಿನ ಅವರ ಮನೆಯ ಮುಂದೆಯೇ ಅವರ ಕೊಲೆಯಾಯಿತು. ಆಮೇಲೆ ಆ ಹಾಡು ಅಮೆರಿಕದಲ್ಲೂ ಬ್ರಿಟನ್ನಿನಲ್ಲೂ ಮೊದಲ ಸ್ಥಾನಕ್ಕೇರಿತು. ಈ ನುಡಿಗಟ್ಟನ್ನು ಸಾಗರದ ಆಚೆ ಈಚೆ ಎರಡೂ ಕಡೆಯ ಕಿವಿಗಳಿಗೆ ಆ ಹಾಡಿನಷ್ಟು ಹತ್ತಿರ ತಂದದ್ದು ಇನ್ನೊಂದಿಲ್ಲವೆಂದು ನನಗೆ ಅನ್ನಿಸುತ್ತದೆ.

ಬಳಸುವ ಕ್ರಮದ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ, ನಿಮ್ಮ ಮನೆಯಲ್ಲಿ ಪರೀಕ್ಷೆಗೆ ಓದುವ ಮಕ್ಕಳಿದ್ದರೆ ಉಪಯೋಗವಾದೀತು. ಹೆಚ್ಚಾಗಿ ಇದಕ್ಕೆ ಕರ್ಮಪದ ಬೇಕಿಲ್ಲ; ‘ಐ ಲಾಸ್ಟ್ ಕೌಂಟ್ ಅಂಡ್ ಹ್ಯಾಡ್ ಟು ಸ್ಟಾರ್ಟ್ ಓವರ್’ ಎಂದರೆ ವಾಕ್ಯ ಪೂರ್ಣ. ಎಣಿಕೆ ತಪ್ಪಿತು, ಮೊದಲಿಂದ ಎಣಿಸಬೇಕಾಯಿತು. ಕರ್ಮಪದ ತಂದರೆ ಅದು ಎರಡು ಪದಗಳ ನಡುವೆ ಕೂರುತ್ತದೆ: ‘ಸ್ಟಾರ್ಟ್ ದ ಸಾಂಗ್ ಓವರ್’, ‘ಸ್ಟಾರ್ಟ್ ಇಟ್ ಓವರ್’. ‘ಸ್ಟಾರ್ಟ್ ಓವರ್ ಇಟ್’ ಎಂದು ಯಾರೂ ಹೇಳುವುದಿಲ್ಲ. ಮಾತಾಡುವಾಗ ಒತ್ತು ಬೀಳುವುದು ‘ಓವರ್’ ಮೇಲೆ. ಇದರ ಜೊತೆ ‘ಫ್ರಮ್ ಸ್ಕ್ರ್ಯಾಚ್’ ಸೇರಿಸುವುದೂ ಉಂಟು. ಆ ‘ಸ್ಕ್ರ್ಯಾಚ್’ ಓಟದ ಪಂದ್ಯದಲ್ಲಿ ಹೊರಡುವ ಜಾಗಕ್ಕೆ ನೆಲದ ಮೇಲೆ ಗೀಚುತ್ತಿದ್ದ ಗೆರೆ. ಯಾವ ರಿಯಾಯಿತಿಯೂ ಇಲ್ಲದವನು ಆ ಗೆರೆಯಿಂದಲೇ ಓಡಬೇಕಿತ್ತು.

ಒಂದು ಎಚ್ಚರಿಕೆ ಮಾತ್ರ ಮರೆಯದೆ ಹೇಳಬೇಕು. ‘ಡೂ ಓವರ್’ ಎಂಬ ಇನ್ನೊಂದು ಜೋಡಿ ಇದೆ. ಅಮೆರಿಕದಲ್ಲಿ ‘ಡೂ ಇಟ್ ಓವರ್’ ಎಂದರೆ ಇನ್ನೊಂದು ಸಲ ಮಾಡು ಎಂದಷ್ಟೇ. ಬ್ರಿಟನ್ನಿನ ಆಡುಮಾತಿನಲ್ಲಿ ಒಬ್ಬರನ್ನು ‘ಡೂ ಓವರ್’ ಮಾಡುವುದೆಂದರೆ ಹಿಡಿದು ಬಡಿಯುವುದು. ಮನೆಯನ್ನು ‘ಡೂ ಓವರ್’ ಮಾಡುವುದೆಂದರೆ ಕನ್ನ ಹಾಕಿ ದೋಚುವುದು. ‘ಸ್ಟಾರ್ಟ್ ಓವರ್’ನಿಂದ ಇಂಥ ಅಪಾಯವಿಲ್ಲ, ಎಲ್ಲಿ ಹೇಳಿದರೂ ಅರ್ಥವಾಗುತ್ತದೆ. ‘ಸ್ಟಾರ್ಟ್ ಔಟ್’, ‘ಸ್ಟಾರ್ಟ್ ಆಫ್’, ‘ಸ್ಟಾರ್ಟ್ ಅಪ್’ ಇವೆಲ್ಲ ಮೊದಲ ಸಲ ಹೊರಡುವುದಕ್ಕೆ ಸಂಬಂಧಿಸಿದವು. ‘ಮತ್ತೆ’ ಎಂಬ ಅರ್ಥ ಅವುಗಳಲ್ಲಿಲ್ಲ.

ಹೀಗೆ ಕ್ರಿಯಾಪದದ ಬೆನ್ನಿಗೆ ಒಂದು ಸಣ್ಣ ಪದ ಅಂಟಿಸಿ ಅರ್ಥವನ್ನೇ ಬದಲಿಸುವ ಜೋಡಿಗಳನ್ನು ವ್ಯಾಕರಣದವರು ‘ಫ್ರೇಸಲ್ ವರ್ಬ್’ ಎನ್ನುತ್ತಾರೆ. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತಮ್ಮ ಪ್ರಸಿದ್ಧ ನಿಘಂಟಿನ ಮುನ್ನುಡಿಯಲ್ಲೇ, ಹೊರಗಿನವರಿಗೆ ಇಂಗ್ಲಿಷಿನಲ್ಲಿ ತುಂಬ ಕಷ್ಟವಾಗುವುದು ಇವೇ ಎಂದು ಒಪ್ಪಿಕೊಂಡಿದ್ದರು. ಆಗ ಇವಕ್ಕೆ ಈ ಹೆಸರಿರಲಿಲ್ಲ. ಹೆಸರು ಬಳಕೆಗೆ ಬಂದದ್ದು 1925ರಲ್ಲಿ ಲೋಗನ್ ಪಿಯರ್‌ಸಾಲ್ ಸ್ಮಿತ್ ಬರೆದ ಪುಸ್ತಕದಿಂದ. ನೀವು ಎಡವಿದ ಕಲ್ಲು ಇನ್ನೂರೈವತ್ತು ವರ್ಷಗಳಿಗೂ ಹಿಂದೆಯೇ ಗುರುತು ಹಾಕಿಟ್ಟ ಕಲ್ಲು.

ಕನ್ನಡ ಕಲಿಯುವ ಹೊರಗಿನವರು ನಮ್ಮಲ್ಲೂ ಇಂಥದೇ ಕಲ್ಲಿಗೆ ಎಡವುತ್ತಾರೆ. ನಾವು ಕ್ರಿಯಾಪದದ ಬೆನ್ನಿಗೆ ಇನ್ನೊಂದು ಕ್ರಿಯಾಪದ ಹಚ್ಚುತ್ತೇವೆ. ಹೇಳು ಬೇರೆ, ಹೇಳಿಕೊಡು ಬೇರೆ, ಹೇಳಿಕೊಳ್ಳು ಬೇರೆ. ನೋಡು ಎಂದರೆ ಕಣ್ಣಿನ ಕೆಲಸ. ‘ಮಗುವನ್ನು ನೋಡಿಕೋ’ ಎಂದರೆ ಪೂರ್ತಿ ಜವಾಬ್ದಾರಿ. ಬಿಡು, ಕೊಡು ಎಂಬೆರಡನ್ನೂ ಬಿಡಿಬಿಡಿಯಾಗಿ ಕಲಿತವನು ‘ಬಿಟ್ಟುಕೊಡು’ ಎಂಬುದನ್ನು ಕೇಳಿ, ಬಿಡಬೇಕೋ ಕೊಡಬೇಕೋ ಎಂದು ತಡವರಿಸುತ್ತಾನೆ. ಬಿಡಿ ಪದಗಳನ್ನು ಕೂಡಿಸಿ ಅರ್ಥ ಮಾಡಲು ಹೋದಾಗ ನಿಮಗಾದದ್ದೂ ಅದೇ.

ಇನ್ನು ಕನ್ನಡದಲ್ಲಿ ಏನು ಹೇಳಬೇಕೆಂಬ ಪ್ರಶ್ನೆ. ಪತ್ರಿಕೆಗಳಲ್ಲಿ ಕಾಣುವ ‘ಪುನರಾರಂಭ’ ಇಲ್ಲಿ ಹೊಂದುವುದಿಲ್ಲ. ಬೇಸಿಗೆ ರಜೆ ಕಳೆದು ಶಾಲೆ ಪುನರಾರಂಭವಾಗುತ್ತದೆ, ಊಟದ ನಂತರ ಕಲಾಪ ಪುನರಾರಂಭವಾಗುತ್ತದೆ. ಅಲ್ಲಿ ಏನನ್ನೂ ಒರೆಸುವುದಿಲ್ಲ, ನಿಂತದ್ದು ಮುಂದುವರಿಯುತ್ತದೆ. ಬರೀ ‘ಮತ್ತೆ’ಯೂ ಸಡಿಲ ಎಂದು ಆಗಲೇ ನೋಡಿದೆವು. ನನಗೆ ಸರಿ ಎನ್ನಿಸುವುದು ಎರಡು ಮಾತು. ಎಣಿಕೆ, ಹಾಡು, ಲೆಕ್ಕ, ಬರವಣಿಗೆ ಇಂಥ ಕೆಲಸಗಳಿಗೆ ‘ಮೊದಲಿಂದ’. ಬದುಕು, ಊರು, ಉದ್ಯೋಗ, ಸಂಬಂಧ ಇವಕ್ಕೆ ‘ಹೊಸದಾಗಿ’. ಇಂಗ್ಲಿಷಿನ ಒಂದು ಮಾತಿಗೆ ಕನ್ನಡ ಎರಡು ಕೊಡುತ್ತದೆ, ಮತ್ತು ಎರಡರ ನಡುವೆ ಒಳ್ಳೆಯ ಭೇದವಿದೆ. ಎಣಿಕೆ ತಪ್ಪಿದವನು ಹಿಂದಕ್ಕೆ ಹೋಗಿ ಅದೇ ಒಂದರಿಂದ ಶುರುಮಾಡುತ್ತಾನೆ. ಕಣದಲ್ಲಿ ರಾಶಿ ಅಳೆಯುವಾಗ ಹಿರಿಯರು ‘ಒಂದು’ ಎನ್ನದೆ ‘ಲಾಭ’ ಎಂದು ಶುರುಮಾಡುತ್ತಿದ್ದರಲ್ಲ. ಲೆಕ್ಕ ತಪ್ಪಿದರೆ ಕಾಳನ್ನು ರಾಶಿಗೆ ಸುರಿದು ಮತ್ತೆ ‘ಲಾಭ’ದಿಂದಲೇ ಅಳೆಯಬೇಕಿತ್ತು. ಆದರೆ ಊರು ಬಿಟ್ಟುಹೋದ ಸಂಸಾರಕ್ಕೆ ಅದೇ ಒಂದು ಸಿಗುವುದಿಲ್ಲ. ಹೊಸ ಊರು, ಹೊಸ ಶಾಲೆ, ಹೊಸ ನೆರೆ. ಅಲ್ಲಿ ‘ಮೊದಲಿಂದ’ ಎಂದರೆ ದಣಿವು ಕೇಳಿಸುತ್ತದೆ, ‘ಹೊಸದಾಗಿ’ ಎಂದರೆ ಬಾಗಿಲು ತೆರೆದಂತೆ ಕೇಳಿಸುತ್ತದೆ.

‘ಮೊದಲು’ ಎಂಬ ಪದ ಇಷ್ಟು ಹೊತ್ತು ಬರುತ್ತಿರುವುದರಿಂದ ಇನ್ನೊಂದು ನೆನಪಾಗುತ್ತದೆ. ಕನ್ನಡದಲ್ಲಿ ಅದಕ್ಕೆ ಆರಂಭ ಎಂಬ ಅರ್ಥವಿರುವಂತೆಯೇ ಬುಡ ಎಂಬ ಅರ್ಥವೂ ಉಂಟು, ಹೂಡಿದ ಬಂಡವಾಳ ಎಂಬ ಅರ್ಥವೂ ಉಂಟು. ‘ಮೊದಲಿಗೇ ಮೋಸ’ ಎನ್ನುವುದು ಬಡ್ಡಿ ಹೋಗಲಿ, ಅಸಲೇ ಮುಳುಗಿತು ಎನ್ನುವಾಗ. ನಿಮ್ಮ ಮಗ ಹೇಳಿದ್ದು ಅದನ್ನಲ್ಲ. ಹನ್ನೆರಡು ವರ್ಷದ ಕೆಲಸದ ಅನುಭವ, ಜೊತೆಗೆ ಬಂದ ಹೆಂಡತಿ ಮಕ್ಕಳು, ಮಾತು ಅರ್ಥವಾಗದೆ ರಾತ್ರಿಯೆಲ್ಲ ಎಚ್ಚರವಿದ್ದ ಅಪ್ಪ ಅಮ್ಮ, ಈ ಮೊದಲು ಅವನ ಬಳಿ ಹಾಗೆಯೇ ಇದೆ.

ಅವನಿಗೆ ಇನ್ನೂ ಉತ್ತರ ಬರೆದಿಲ್ಲವಾದರೆ, ಕನ್ನಡದಲ್ಲೇ ಬರೆಯಿರಿ. ‘ಹೊಸದಾಗಿ ಶುರು ಮಾಡ್ತಿದ್ದೀರಂತೆ, ಮನೆಗೆ ಹಾಲು ಉಕ್ಕಿಸಿದ್ರಾ?’ ಎಂದು ಕೇಳಿ.